ಆರು ಡಿಗ್ರಿಯ ತಪ್ಪು

2023ರ ಬೇಸಿಗೆಯಲ್ಲಿ ನಾನು ನಾಗಪುರದ ಬುಟಿಬೋರಿಯಲ್ಲಿ ಒಂದು ಖಾಸಗಿ ವರ್ಕ್‌ಶಾಪಿನ ತಾಂತ್ರಿಕ ಸಲಹೆಗಾರನಾಗಿದ್ದೆ. ಅದಕ್ಕೆ ಮೊದಲು ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನ್ ಪರೀಕ್ಷೆಯ ಕೆಲಸ. ಧಾರವಾಡದಿಂದ ವರ್ಗವಾಗಿ ಬಂದವನು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದುಬಿಟ್ಟೆ. ವರ್ಕ್‌ಶಾಪಿಗೆ ಬರುತ್ತಿದ್ದವು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಮಾರ್ಪಡಿಸಿದ ಕಾರುಗಳು. ಅವುಗಳನ್ನು ಡೈನೊ ಮೇಲೆ, ಅಂದರೆ ಕಾರು ನಿಂತಲ್ಲೇ ಚಕ್ರ ತಿರುಗುವಂತೆ ಮಾಡುವ ಉರುಳೆಗಳ ಮೇಲೆ, ಓಡಿಸಿ ಎಂಜಿನ್ನಿನ ಆರೋಗ್ಯ ನೋಡುವುದು ನನ್ನ ಹೊಣೆ. ಪರೀಕ್ಷಾ ಪತ್ರಕ್ಕೆ ನಾನು ಸಹಿ ಹಾಕಿದ ಮೇಲೆಯೇ ಕಾರು ಹೊರಗೆ ಹೋಗುತ್ತಿತ್ತು.

ಲ್ಯಾಪ್‌ಟಾಪ್ ಹಿಡಿದು ಎಂಜಿನ್ ಟ್ಯೂನ್ ಮಾಡುತ್ತಿದ್ದವಳು ಸವಿತಾ ಬಡಿಗೇರ. ವಯಸ್ಸು ಇಪ್ಪತ್ತೊಂಬತ್ತು. ತಂದೆ ಗದಗಿನಿಂದ ರೈಲ್ವೆ ಕೆಲಸಕ್ಕೆ ಬಂದವರು, ಇವಳು ಹುಟ್ಟಿ ಬೆಳೆದದ್ದೆಲ್ಲ ನಾಗಪುರದಲ್ಲಿ. ಕನ್ನಡ ಚೆನ್ನಾಗಿ ಆಡುತ್ತಾಳೆ, ಓದಲು ಬರುವುದಿಲ್ಲ. ಪ್ರತಿ ಪರೀಕ್ಷೆಯ ವಿವರವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಪದಗಳು ಅರ್ಧ ಕನ್ನಡ, ಲಿಪಿ ಪೂರ್ತಿ ದೇವನಾಗರಿ.

ಮೇ ತಿಂಗಳ ಒಂದು ಸೋಮವಾರ ಅಮೋಲ್ ಎಂಬವರ ಕಾರು ಟ್ರೇಲರ್ ಮೇಲೆ ಬಂತು. ನಾಗಪುರದ ಹತ್ತಿರದ ಕನ್ಹಾನಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ಮೇಷ್ಟ್ರು. ಹದಿನೈದು ವರ್ಷ ಹಳೆಯ ಪುಟ್ಟ ಕಾರಿಗೆ ತಾವೇ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು, ಕೂರಿಸಿ, ಕಂಪನಿಯ ನಿಯಂತ್ರಣ ಕಂಪ್ಯೂಟರ್ ತೆಗೆದು ಹೊಸದನ್ನು ಹಾಕಿದ್ದರು. ನಾಲ್ಕು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು. ಮೊದಲ ಎಂಜಿನ್ನಿನ ಪಿಸ್ಟನ್ ಒಡೆದುಹೋಗಿ ಎಲ್ಲವನ್ನೂ ಮತ್ತೆ ಕಟ್ಟಿದ್ದರು. ಬರುವ ಭಾನುವಾರ ಟ್ರ್ಯಾಕಿನಲ್ಲಿ ಈ ಎಂಜಿನ್ನಿನ ಮೊದಲ ಓಟ.

ತೊಂದರೆ ಏನೆಂದು ಹೇಳುವ ಮೊದಲು ಒಂದೆರಡು ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದನ್ನು ಕ್ರ್ಯಾಂಕ್ ಶಾಫ್ಟ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ತಿರುಗುವ ಡಿಗ್ರಿಯಲ್ಲಿ ಅಳೆಯುತ್ತೇವೆ. ಇದೇ ಇಗ್ನಿಷನ್ ಟೈಮಿಂಗ್. ಕಿಡಿ ತೀರ ಬೇಗ ಹಾರಿದರೆ ಒಳಗಿನ ಇಂಧನದ ಒಂದು ಪಾಲು ತನ್ನಷ್ಟಕ್ಕೆ ತಾನೇ ಒಮ್ಮೆಲೇ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯ ಪೆಟ್ಟಿನಂತೆ ಬಡಿಯುತ್ತದೆ. ಅದು ನಾಕ್. ಗಾಳಿ ಬಿಸಿಯಾದಷ್ಟೂ ಅದರ ಸಂಭವ ಹೆಚ್ಚು. ಎಂಜಿನ್ನಿನ ಮೈಗೆ ಬಿಗಿದ ನಾಕ್ ಸೆನ್ಸರ್ ಆ ಪೆಟ್ಟನ್ನು ಕೇಳಿಸಿಕೊಂಡರೆ ಕಂಪ್ಯೂಟರ್ ಟೈಮಿಂಗನ್ನು ತುಸು ಹಿಂದಕ್ಕೆ ಸರಿಸಿ ಕಿಡಿಯನ್ನು ತಡಮಾಡುತ್ತದೆ.

ಅಮೋಲರ ಕಾರು ಬೆಳಿಗ್ಗೆ ಏಳು ಗಂಟೆಗೆ ಡೈನೊ ಮೇಲೆ ಸದ್ದಿಲ್ಲದೆ ಓಡಿತು. ಮಧ್ಯಾಹ್ನ ಎರಡೂವರೆಗೆ ಗೋಡೆಯ ಥರ್ಮಾಮೀಟರು ನಲವತ್ತನಾಲ್ಕು ತೋರಿಸುತ್ತಿದ್ದಾಗ ಓಡಿಸಿದರೆ, 3,400 ಆರ್‌ಪಿಎಂ ದಾಟುತ್ತಲೇ ಪರದೆಯ ಮೇಲೆ ನಾಕ್ ಎಂದು ಕೆಂಪು ಗೆರೆಗಳು. ಕಂಪ್ಯೂಟರಿಗೆ ಹಿಂದೆ ಸರಿಸಲು ಕೊಟ್ಟಿದ್ದ ಮಿತಿ ಮೂರು ಡಿಗ್ರಿ. ಅಷ್ಟೂ ಸರಿಸಿದರೂ ಗೆರೆಗಳು ಪೂರ್ತಿ ಹೋಗಲಿಲ್ಲ.

ಮೊದಲು ಪೆಟ್ರೋಲ್ ಬದಲಾಯಿಸಿದೆವು. ಫಲವಿಲ್ಲ. ಆಮೇಲೆ ನಾನು ಟೈಮಿಂಗ್ ಲೈಟ್ ಹಿಡಿದೆ. ಕಿಡಿ ಹಾರಿದಾಗಲೆಲ್ಲ ಮಿನುಗುವ ಈ ದೀಪವನ್ನು ಕ್ರ್ಯಾಂಕಿನ ತುದಿಯ ಚಕ್ರದ ಮೇಲೆ ಬಿಟ್ಟರೆ ಅಲ್ಲಿ ಕೊರೆದ ಗುರುತು ನಿಂತಂತೆ ಕಂಡು, ಟೈಮಿಂಗ್ ಎಷ್ಟೆಂದು ತಿಳಿಯುತ್ತದೆ. ನಾವು ಕೊಟ್ಟಿದ್ದು ಇಪ್ಪತ್ತೆರಡು ಡಿಗ್ರಿ. ಲ್ಯಾಪ್‌ಟಾಪಿನಲ್ಲೂ ಇಪ್ಪತ್ತೆರಡು, ದೀಪದಲ್ಲೂ ಇಪ್ಪತ್ತೆರಡು. ಇಪ್ಪತ್ತೆರಡಕ್ಕೆ ಈ ಎಂಜಿನ್ ನಾಕ್ ಆಗಲು ಕಾರಣವಿರಲಿಲ್ಲ. ಟರ್ಬೊ ಹಿಡಿದಿರುವ ಬ್ರಾಕೆಟ್ ಬಿಸಿಗೆ ಅದುರುತ್ತಿದೆ, ಸೆನ್ಸರ್ ಆ ಸದ್ದನ್ನೇ ನಾಕ್ ಎಂದು ತಿಳಿದಿದೆ ಎಂದು ನಾನು ತೀರ್ಮಾನಿಸಿದೆ. ಸೆನ್ಸರಿನ ಸೂಕ್ಷ್ಮತೆ ಕಡಿಮೆ ಮಾಡಿದರೆ ಮುಗಿಯಿತು. ಬುಧವಾರ ಸಂಜೆ ಪತ್ರದಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ.

ಗುರುವಾರ ಬೆಳಿಗ್ಗೆ ಸವಿತಾ ಆ ಪತ್ರ ಹಿಡಿದು ನನ್ನ ಮೇಜಿನ ಮುಂದೆ ನಿಂತಳು.

"ಸರ್, ನಾ ಸೆನ್ಸರಿನ ಸೆಟ್ಟಿಂಗ್ ಬದಲಿ ಮಾಡೂದಿಲ್ಲರಿ. ಕಿವಿ ಮಂದ ಮಾಡಿದ್ರ ಬ್ಯಾನಿ ಹೋಗತೈತೇನ್ರಿ?"

ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ನನಗೆ ಎದುರು ಮಾತಾಡಿರಲಿಲ್ಲ. "ಬ್ಯಾನಿ ಐತಿ ಅಂತ ಯಾರು ಹೇಳಿದ್ರು? ಟೈಮಿಂಗ್ ಬರೋಬರ್ ಐತಿ, ನಾನ ನೋಡೀನಿ" ಎಂದೆ. ದನಿ ಸ್ವಲ್ಪ ಏರಿತ್ತು.

ಅವಳು ನೋಟ್‌ಬುಕ್ ತೆರೆದಳು. ನಾನು ಹೋದ ಮೇಲೆ ಬುಧವಾರದ ದಾಖಲೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದ್ದಳಂತೆ. "ಟೈಮಿಂಗ್ ಮೂರು ಡಿಗ್ರಿ ಹಿಂದ ಹೋದ ಕೂಡ್ಲೇ ಸಪ್ಪಳ ಕಮ್ಮಿ ಆಗೇತ್ರಿ, ಹನ್ನೊಂದು ಸಲನೂ. ಬ್ರಾಕೆಟ್ ಅದುರೂದಾಗಿದ್ರ, ಟೈಮಿಂಗ್ ಹಿಂದ ಹೋದ್ರ ಅದಕ್ಕೇನು?"

ಅವಳು ಕುರ್ಚಿ ಎಳೆದು ಕೂತು ಮೆಲ್ಲಗೆ ಕೇಳಿದಳು: "ನಿಮ್ಮ ಲೈಟ್ ಯಾವ ಗುರುತು ನೋಡತೈತ್ರಿ?"

"ಚಕ್ರದ ಮ್ಯಾಲಿಂದು."

"ಲ್ಯಾಪ್‌ಟಾಪ್?"

"ಅದ ಚಕ್ರದ ಹಲ್ಲು ಎಣಸತೈತಿ."

"ಹಂಗಾರ ಆ ಚಕ್ರನ ಜರಗಿದ್ರ ಇಬ್ಬರೂ ಕೂಡಿ ಒಂದ ತಪ್ಪು ಹೇಳ್ತಾರಲ್ರಿ?"

ಹಲ್ಲಿನ ಚಕ್ರ ಕಾರಿನ ಜೊತೆ ಬಂದದ್ದಲ್ಲ, ಹೊಸ ಕಂಪ್ಯೂಟರಿಗಾಗಿ ಆಮೇಲೆ ಕೂರಿಸಿದ್ದು. ಗುರುತನ್ನೂ ಅದರ ಮೇಲೆಯೇ ಕೊರೆದಿದ್ದರು. ನಾನು ಎರಡು ಸಾಕ್ಷಿಗಳೆಂದು ನಂಬಿದ್ದು ನಿಜಕ್ಕೂ ಒಂದೇ ಸಾಕ್ಷಿ ಎಂಬುದು ಆಗ ಹೊಳೆಯಿತು.

ಅವಳು ಒಂದು ಗಂಟೆ ಸಮಯ ಕೇಳಿದಳು. ಒಂದು ಹಳೆಯ ಸ್ಪಾರ್ಕ್ ಪ್ಲಗ್ಗಿನ ಒಳಭಾಗ ಒಡೆದು ತೆಗೆದು, ಅದರಲ್ಲಿ ಉದ್ದನೆಯ ಬೋಲ್ಟ್ ಕೂರಿಸಿ, ತುದಿಯನ್ನು ನುಣ್ಣಗೆ ಅರದಿಂದ ಉಜ್ಜಿದಳು. ಮೊದಲ ಸಿಲಿಂಡರಿನ ಪ್ಲಗ್ ತೆಗೆದು ಅಲ್ಲಿ ಇದನ್ನು ತಿರುಗಿಸಿ ಕೂರಿಸಿದರೆ, ಮೇಲೇರುವ ಪಿಸ್ಟನ್ ತುದಿ ಮುಟ್ಟುವ ಮೊದಲೇ ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಕ್ರ್ಯಾಂಕನ್ನು ಕೈಯಿಂದ ಒಂದು ದಿಕ್ಕಿಗೆ ತಿರುಗಿಸಿ, ನಿಂತಲ್ಲಿ ಗುರುತು ಮಾಡಬೇಕು. ಇನ್ನೊಂದು ದಿಕ್ಕಿಗೆ ತಿರುಗಿಸಿ ಮತ್ತೊಂದು ಗುರುತು. ಎರಡರ ನಡುಮಧ್ಯವೇ ಪಿಸ್ಟನ್ನಿನ ನಿಜವಾದ ಮೇಲ್ತುದಿ. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ನಾನೇ ಕಲಿಸುತ್ತಿದ್ದ ವಿಧಾನ ಇದು. ಲ್ಯಾಪ್‌ಟಾಪ್ ಬಂದ ಮೇಲೆ ಮರೆತಿದ್ದೆ.

ಎಲ್ಲ ಸಿದ್ಧವಾದ ಮೇಲೆ ಅವಳು ಕ್ರ್ಯಾಂಕ್ ತಿರುಗಿಸುವ ಪಾನಾ, ಅಂದರೆ ಸ್ಪ್ಯಾನರ್, ನನ್ನ ಕೈಗಿತ್ತು, "ನೀವ ತಿರುಗಸ್ರಿ ಸರ್. ನಿಮ್ಮ ಕೈ ಸಾವಕಾಶ ಐತಿ" ಎಂದಳು.

ನಾನೇ ತಿರುಗಿಸಿದೆ, ನಾನೇ ಎರಡೂ ಗುರುತು ಹಾಕಿದೆ, ನಾನೇ ಕೋನ ಅಳೆದೆ. ಚಕ್ರ ಹೇಳುವ ಸೊನ್ನೆಗೂ ನಿಜವಾದ ಮೇಲ್ತುದಿಗೂ ಆರು ಡಿಗ್ರಿ ಅಂತರ. ನಾವು ಇಪ್ಪತ್ತೆರಡು ಎಂದುಕೊಂಡದ್ದು ನಿಜದಲ್ಲಿ ಇಪ್ಪತ್ತೆಂಟು. ಮೂರು ಹಿಂದೆ ಸರಿದರೂ ಇಪ್ಪತ್ತೈದು. ಬೆಳಗಿನ ತಂಪಿನಲ್ಲಿ ತಡೆದುಕೊಂಡ ಎಂಜಿನ್ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಸೋಲುತ್ತಿತ್ತು.

ಮೂರನೆಯ ಸಿಲಿಂಡರಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆವು. ಪಿಸ್ಟನ್ನಿನ ಅಂಚಿನಲ್ಲಿ ಮರಳು ಉಜ್ಜಿದಂಥ ಗೀರುಗಳು ಶುರುವಾಗಿದ್ದವು; ಇನ್ನೂ ಮೇಲ್ಮೈಯಷ್ಟೇ, ಓಡಿಸಲು ಅಡ್ಡಿಯಿರಲಿಲ್ಲ. ನಾನು ಹೇಳಿದಂತೆ ಸೆನ್ಸರಿನ ಬಾಯಿ ಮುಚ್ಚಿಸಿ ಟ್ರ್ಯಾಕಿಗೆ ಕಳಿಸಿದ್ದರೆ ಈ ಪಿಸ್ಟನ್ ಕೂಡ ಉಳಿಯುತ್ತಿರಲಿಲ್ಲ. ನನ್ನ ಪತ್ರವನ್ನು ಅಲ್ಲೇ ಹರಿದು ಹಾಕಿದೆ.

ಚಕ್ರ ಬಿಚ್ಚಿದಾಗ ಕಾರಣ ಕಂಡಿತು. ಹೊಂದಿಸಲು ಅನುಕೂಲವಾಗಲೆಂದು ಬೋಲ್ಟಿನ ತೂತುಗಳನ್ನು ಉದ್ದಕ್ಕೆ ಕೊರೆದಿದ್ದರು. ಬೋಲ್ಟುಗಳು ಸಡಿಲಾಗಿ ಚಕ್ರ ಆ ತೂತಿನುದ್ದಕ್ಕೂ ಮುಂದೆ ಸರಿದಿತ್ತು. ಚಕ್ರ ಮಾಡಿದವರು ಅಮೋಲರೇ. ಫೋನಿನಲ್ಲಿ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದರೆ, ಸವಿತಾ ಅವರನ್ನು ವರ್ಕ್‌ಶಾಪಿಗೇ ಕರೆಸಿ, ಬಿಚ್ಚಿದ ಚಕ್ರವನ್ನು ಅವರ ಅಂಗೈಯಲ್ಲಿಟ್ಟಳು. ಅವರು ತೂತಿನ ಅಂಚು ಉಜ್ಜಿ ಹೊಳೆಯುತ್ತಿದ್ದುದನ್ನು ಬೆರಳಿಂದ ಸವರಿ ನೋಡಿ, "ಮಾಝೀಚ್ ಚೂಕ್," ತಪ್ಪು ನನ್ನದೇ ಎಂದರು.

"ಚಕ್ರದ ಹಲ್ಲು ಒಂದೂ ಹೆಚ್ಚುಕಮ್ಮಿ ಇಲ್ಲ ಸರ್," ಎಂದು ಅವಳು ಮರಾಠಿಯಲ್ಲಿ ಹೇಳಿದಳು. "ಇಷ್ಟು ಚಂದ ಕಡಿದಿದ್ದೀರಿ. ತೂತು ಮಾತ್ರ ದುಂಡಗಿರಲಿ."

ಅಮೋಲ್ ಅಂದೇ ಕನ್ಹಾನಿಗೆ ಹೋಗಿ, ಪರಿಚಯದವರ ಲೇತ್ ಮೇಲೆ ಹೊಸ ಚಕ್ರ ಕಡಿದು, ಶುಕ್ರವಾರ ಬೆಳಿಗ್ಗೆ ತಂದರು. ಈ ಬಾರಿ ದುಂಡನೆಯ ತೂತು, ಜೊತೆಗೆ ಚಕ್ರ ಅಲುಗದಂತೆ ಒಂದು ಉಕ್ಕಿನ ಪಿನ್ನು. ಮಧ್ಯಾಹ್ನ ಎರಡೂವರೆಗೆ, ಅದೇ ಸುಡುಬಿಸಿಲಿನಲ್ಲಿ ಏಳು ಸಲ ಓಡಿಸಿದೆವು. ಪರದೆಯ ಮೇಲೆ ಒಂದೇ ಒಂದು ಕೆಂಪು ಗೆರೆ ಬರಲಿಲ್ಲ. ಅಮೋಲ್ ಮೂಲೆಯಲ್ಲಿ ನಿಂತು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಹೊಸ ಪತ್ರಕ್ಕೆ ಸವಿತಾಳ ಸಹಿ ಮೊದಲು ಇರಬೇಕೆಂದು ನಾನು ಹಟ ಹಿಡಿದೆ. ಭಾನುವಾರ ಕಾರು ಹನ್ನೆರಡು ಸುತ್ತು ಓಡಿ ತನ್ನ ಕಾಲ ಮೇಲೆ ತಾನೇ ಟ್ರೇಲರ್ ಹತ್ತಿತು.

ಒಂದೇ ಮೂಲದಿಂದ ಮಾತಾಡುವ ಎರಡು ಉಪಕರಣಗಳು ಒಂದನ್ನೊಂದು ಒಪ್ಪಿದ ಮಾತ್ರಕ್ಕೆ ನಂಬಬಾರದು, ಇದು ಆ ವಾರ ಕಲಿಸಿದ ತಾಂತ್ರಿಕ ಪಾಠ. ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಬೇರೆ. ಚಕ್ರ ಸರಿದಿರಬೇಕೆಂದು ಅವಳಿಗೆ ಗುರುವಾರ ಬೆಳಿಗ್ಗೆಯೇ ಹೊಳೆದಿತ್ತು. ತಾನೇ ಅಳೆದು ತಂದು ನನ್ನ ಮೇಜಿನ ಮೇಲೆ ಇಡಬಹುದಿತ್ತು, ಅದರಲ್ಲಿ ತಪ್ಪೂ ಇರಲಿಲ್ಲ. ಹಾಗೆ ಮಾಡಿದ್ದರೆ ನಾನು ವಾದಕ್ಕಿಳಿಯುತ್ತಿದ್ದೆ, ನನಗೆ ನನ್ನ ಸ್ವಭಾವ ಗೊತ್ತು. ಮೂವತ್ತೊಂದು ವರ್ಷ ಬೇರೆಯವರ ತಪ್ಪು ಹಿಡಿದು, ಕೆಂಪು ಶಾಯಿಯಲ್ಲಿ ಬರೆದು, ವಾಪಸು ಕಳಿಸಿದವನು ನಾನು. ಅವರಲ್ಲಿ ಎಷ್ಟು ಜನ ನಿಜವಾಗಿ ಒಪ್ಪಿದರು, ಎಷ್ಟು ಜನ ಸುಮ್ಮನೆ ತಲೆ ತಗ್ಗಿಸಿದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಯಾರದಾದರೂ ಲೆಕ್ಕ ತಪ್ಪಿದೆ ಅನ್ನಿಸಿದರೆ, ಮೊದಲು ಪಾನಾ ಅವರ ಕೈಗೇ ಕೊಡುತ್ತೇನೆ.