ಸೊನ್ನೆ ತಪ್ಪಿದ ತಟ್ಟೆ

ಅಂಜಿನಿಗೆ ಅವಮಾನ ಮರೆಯುವ ಅಭ್ಯಾಸವಿರಲಿಲ್ಲ. ಹೊಲದ ಬದುವಿನ ಜಗಳದಲ್ಲಿ ಅಣ್ಣ ಒಮ್ಮೆ ಕೈ ಎತ್ತಿದನೆಂದು ಹನ್ನೊಂದು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದ. ಇಬ್ಬರ ಮನೆಯೂ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ನಡುವೆ ಒಂದು ಗೋಡೆ ಅಷ್ಟೇ.

ತೋರಣಗಲ್ಲಿನ ಕಾರ್ಖಾನೆಯಲ್ಲಿ ಅವನದು ಗುತ್ತಿಗೆ ಕೆಲಸ. ಬೆಲ್ಟುಗಳನ್ನು ಓಡಿಸುವ ಮೋಟಾರುಗಳ ವೇಗ ನೋಡಿ, ತಪ್ಪಿದ್ದರೆ ಹದಕ್ಕೆ ತರಬೇಕು. ಶಿಫ್ಟು ಮುಗಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಡಿಜೆಗಳ ಮಿಕ್ಸರ್, ಆಂಪ್ಲಿಫೈಯರ್ ರಿಪೇರಿ. ಕೆಲಸ ಅಚ್ಚುಕಟ್ಟು, ಬಾಯಿ ಕೆಟ್ಟದ್ದು. ಸಾಮಾನು ಮೇಜಿನ ಮೇಲೆ ಇಡುವ ಮೊದಲೇ "ಯಾವ ಕತ್ತಿಮಗ ಇದನ್ನ ಬಿಚ್ಚಿದ್ದು?" ಎಂದು ಶುರುಮಾಡುತ್ತಿದ್ದ. ಜನ ಸಹಿಸಿಕೊಂಡು ಬರುತ್ತಿದ್ದರು. ಹಾಗೆ ಸಹಿಸದವನು ಬಸವಕುಮಾರ್.

ಬಸವಕುಮಾರ್ ಮೇನ್ ಬಜಾರಿನ ದೊಡ್ಡ ಹಾರ್ಡ್‌ವೇರ್ ಅಂಗಡಿಯ ಮನೆತನದವನು. ಉಳಿದ ಡಿಜೆಗಳು ಪೆನ್‌ಡ್ರೈವ್ ಚುಚ್ಚಿ ಹಾಡು ಹಾಕುವಾಗ ಇವನು ಜಪಾನಿನ ಎರಡು ಹಳೆಯ ಟರ್ನ್‌ಟೇಬಲ್ ತರಿಸಿದ್ದ. ಹಾಡು ಇರುವುದು ಲ್ಯಾಪ್‌ಟಾಪಿನಲ್ಲಿ. ಆದರೆ ಟರ್ನ್‌ಟೇಬಲಿನ ತಟ್ಟೆ ಎಷ್ಟು ವೇಗವಾಗಿ ತಿರುಗುತ್ತದೋ ಹಾಡೂ ಅಷ್ಟೇ ವೇಗದಲ್ಲಿ ಓಡುತ್ತದೆ. ಬಲಬದಿಯಲ್ಲಿ ಜಾರುವ ಒಂದು ಗುಂಡಿ. ಅದು ನಡುವಿನ ಸೊನ್ನೆಯಲ್ಲಿದ್ದರೆ ಹಾಡಿನ ಸಹಜ ವೇಗ, ಅತ್ತಿತ್ತ ಸರಿಸಿದರೆ ವೇಗ ಏರುತ್ತದೆ, ಇಳಿಯುತ್ತದೆ. ಅದರ ಜೊತೆ ಶ್ರುತಿಯೂ.

"ಸೊನ್ನಿ ಹತ್ರ ಬಂದ್ರ ಕಟ್ ಅಂತ ಕಚ್ಕೊಂತೈತಿ. ಎರಡು ಹಾಡು ಕೂಡಸಾಕ ಕೂದಲೆಳಿ ಅಷ್ಟು ಸರಸಬೇಕಂದ್ರ ಆಗಂಗಿಲ್ಲ," ಎಂದು ಬಸವಕುಮಾರ್ ತಕರಾರು ಹೇಳಿದ್ದ.

ಅಂಜಿನಿ ಮೂರು ಭಾನುವಾರ ಅದರ ಮೇಲೆ ಕುಳಿತ. ಗುಂಡಿಯ ತಳದಲ್ಲಿ ಜೋಳದ ಕಾಳಿಗಿಂತ ಸಣ್ಣದೊಂದು ಉಕ್ಕಿನ ಗುಂಡು ಸೊನ್ನೆಯ ಜಾಗದ ಕುಳಿಗೆ ಬೀಳುತ್ತಿತ್ತು. ಅದನ್ನು ತೆಗೆದ, ಕುಳಿಯನ್ನು ತುಂಬಿ ನುಣ್ಣಗೆ ಮಾಡಿದ. ಒಳಗಿನ ಒಂದು ರೆಸಿಸ್ಟರ್ ಬದಲಿಸಿ, ನೂರಕ್ಕೆ ಎಂಟರಷ್ಟು ಮಾತ್ರ ಏರುತ್ತಿದ್ದ ವೇಗ ಹದಿನಾರರವರೆಗೂ ಏರುವಂತೆ ಮಾಡಿದ. ಗುಂಡಿ ಎಣ್ಣೆಯಲ್ಲಿ ಜಾರಿದಂತೆ ಜಾರಿತು. ಅಂಥ ಕೆಲಸ ತಾನು ಹಿಂದೆ ಮಾಡಿರಲಿಲ್ಲವೆಂದು ಅವನಿಗೇ ಗೊತ್ತಿತ್ತು.

ತಿಂಗಳ ಮೇಲೆ ಹಂಪಿ ರಸ್ತೆಯ ಒಂದು ರೆಸಾರ್ಟಿನಲ್ಲಿ ಸುತ್ತಲಿನ ಡಿಜೆಗಳು ಸೇರಿದ್ದರು. ಬಸವಕುಮಾರ್ ಮೈಕ್ ಹಿಡಿದು, ಈ ಗುಂಡಿಯನ್ನು ಮೂರು ವಾರ ಕುಳಿತು ತಾನೇ ಮಾಡಿದ್ದೆಂದು ಹೇಳಿಕೊಂಡ. ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಅಂಜಿನಿ ಸುಮ್ಮನಿರಲಿಲ್ಲ.

"ಯಾರು ಮಾಡಿದ್ದು? ಇನ್ನೊಮ್ಮಿ ಹೇಳ್ರಿ."

ಬಸವಕುಮಾರ್ ಮೈಕ್ ಕೆಳಗಿಡಲೂ ಇಲ್ಲ. "ಲೇ, ನೀನು ಸ್ಕ್ರೂ ಬಿಚ್ಚಾಂವ. ಕಾರ್ಖಾನಿ ಕೂಲಿ. ಬುದ್ಧಿ ನಂದು, ಕೈ ನಿಂದು. ಹೋಗಿ ಅಲ್ಲಿ ಊಟಕ್ಕ ಕುಂದ್ರು."

ಎಲ್ಲರೂ ನಕ್ಕರು. ಅಂಜಿನಿ ಊಟ ಮಾಡದೆ ಬಂದ.

ಆರು ವಾರ ಕಳೆದು ಆ ಟರ್ನ್‌ಟೇಬಲುಗಳಲ್ಲಿ ಒಂದು ಗುಂಯ್ ಎನ್ನತೊಡಗಿತು. ಬೇರೆ ಯಾರಿಗೂ ಬಗೆಹರಿಯಲಿಲ್ಲ. ಬಸವಕುಮಾರ್ ತಾನು ಬರದೆ ಆಟೋದಲ್ಲಿ ಕಳಿಸಿದ. ನಾಳೆಗೇ ಬೇಕು, ಸಂಡೂರಿನಲ್ಲಿ ಮದುವೆ ಎಂದು ಫೋನು. ಅಂಜಿನಿ ಹತ್ತು ನಿಮಿಷದಲ್ಲಿ ಸಡಿಲ ತಂತಿಯನ್ನು ಬೆಸೆದ. ಆಮೇಲೆ ಇನ್ನೂ ಒಂದು ಕೆಲಸ ಮಾಡಿದ. ಗುಂಡಿ ಸೊನ್ನೆಯಲ್ಲಿದ್ದಾಗಲೂ ತಟ್ಟೆ ನೂರಕ್ಕೆ ಆರರಷ್ಟು ಹೆಚ್ಚು ಓಡುವಂತೆ ಒಳಗಿನ ಹದ ಕೆಡಿಸಿ ಮುಚ್ಚಿದ. ಕಣ್ಣಿಟ್ಟು ನೋಡುವವನಿಗೆ ಅದು ತಿಳಿಯುತ್ತಿತ್ತು. ವೇಗ ಸರಿಯಿದ್ದರೆ ತಟ್ಟೆಯ ಅಂಚಿನ ಚುಕ್ಕಿಗಳು ಪಕ್ಕದ ಕೆಂಪು ದೀಪದ ಬೆಳಕಿನಲ್ಲಿ ನಿಂತಂತೆ ಕಾಣುತ್ತವೆ, ಈಗ ಜಾರುತ್ತಿದ್ದವು. ಲ್ಯಾಪ್‌ಟಾಪಿನಲ್ಲೂ ವೇಗದ ಅಂಕಿ ಬರುತ್ತದೆ. ಆದರೆ ಬಸವಕುಮಾರನ ಕಣ್ಣು ಯಾವಾಗಲೂ ತನ್ನನ್ನು ಹಿಡಿಯುತ್ತಿರುವ ಮೊಬೈಲುಗಳ ಮೇಲೆ ಎಂದು ಅಂಜಿನಿಗೆ ಚೆನ್ನಾಗಿ ಗೊತ್ತಿತ್ತು. ಹಾಡಿಗೆ ಹಾಡು ಕೂಡದೆ ಅವನು ಮಂಟಪದಲ್ಲಿ ಬೆವರಲಿ ಎಂದುಕೊಂಡ. ಅಲ್ಲಿ ಒಬ್ಬ ಗಾಯಕಿ ಇರುತ್ತಾಳೆಂದು ಅವನಿಗೆ ತಿಳಿದಿರಲಿಲ್ಲ. ತಿಳಿಯಲು ಕೇಳಿಯೂ ಇರಲಿಲ್ಲ.

ಮದುವೆ ಲಾರಿ ಮಾಲೀಕ ತೋಟಪ್ಪನ ಮಗಳದು. ಮಧ್ಯಾಹ್ನ ಊಟದ ಹೊತ್ತಿಗೆ ಹಾಡಲು ಕಂಪ್ಲಿಯ ಗಾಯತ್ರಿ ಬಂದಿದ್ದಳು. ವಾದ್ಯದ ಟ್ರ್ಯಾಕ್ ಡಿಜೆ ಹಾಕುತ್ತಾನೆ, ಅದರ ಮೇಲೆ ಈಕೆಯ ದನಿ. ಹದಿನೈದು ವರ್ಷದಿಂದ ಮದುವೆಗಳಲ್ಲಿ ಹಾಡುತ್ತಿದ್ದವಳು. ಅವತ್ತು ಮೊದಲ ಸಾಲಿನಲ್ಲೇ ತಡವರಿಸಿದಳು. ಎತ್ತರದ ಸಾಲಿಗೆ ದನಿ ಒಡೆಯಿತು. ಮತ್ತೆ ಏರಿದಳು, ಮತ್ತೆ ಒಡೆಯಿತು. ಪಂಕ್ತಿಯಲ್ಲಿ ಕುಳಿತವರು ಎಲೆ ಬಿಟ್ಟು ನೋಡಿದರು, ಯಾರೋ ಕಿಸಕ್ಕೆಂದರು, ಮೊಬೈಲುಗಳು ಎದ್ದವು. ಬಸವಕುಮಾರ್ ಮೈಕಿನಲ್ಲಿ, "ಮೇಡಂ ಗಂಟಲು ಇವತ್ತು ರಜಾ ಹಾಕೈತ್ರಿ!" ಎಂದ. ತೋಟಪ್ಪ ವೇದಿಕೆಗೆ ಬಂದು, "ಸಾಕು, ಇಳೀರಿ," ಎಂದ.

ಮೂರನೆಯ ದಿನ ಕಾರ್ಖಾನೆ ಬಸ್ಸಿನಲ್ಲಿ ಪಕ್ಕದವನು ಆ ವಿಡಿಯೊ ತೋರಿಸಿ ನಗುತ್ತಿದ್ದ. ಅಂಜಿನಿ ಎರಡು ಕ್ಷಣ ಕೇಳಿದ. ಟ್ರ್ಯಾಕಿನ ಶ್ರುತಿ ಏರಿದ್ದು ಅವನ ಕಿವಿಗೆ ಕೂಡಲೇ ಹತ್ತಿತು. ಮನೆಯಲ್ಲಿ ಹೆಂಡತಿ ಹೇಮಾಳಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿ, "ಆಕಿ ನಿಂಗ ಏನು ಮಾಡಿದ್ಲು?" ಎಂದಳು.

ವಾರದ ರಜೆಗೆ ಅವನು ಕಂಪ್ಲಿಗೆ ಹೋದ. ಗಾಯತ್ರಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಹಾರ್ಮೋನಿಯಮ್ಮಿನ ಬಿಳಿ ಐದನೇ ಮನಿಯಾಗ ಹಾಡೋದನ್ನ ಅದರ ಮ್ಯಾಲಿನ ಕಪ್ಪು ನಾಕಕ್ಕ ಏರ್ಸಿದ್ದಿ. ನಂಗ ಅಲ್ಲೇ ಗೊತ್ತಾತು. ಬಸವಕುಮಾರಗ ಕೈಸನ್ನಿ ಮಾಡಿದೆ. ಆತ ಗುಂಡಿ ತೋರ್ಸಿ, ಸೊನ್ನಿಗೇ ಐತಿ ಅಂದ. ಹದಿನೈದು ವರ್ಷ ಹಾಡೀನಿ. ಆ ಸೊನ್ನಿ ನಂಬಿ ನನ್ನ ಕಿವೀನ ಅನುಮಾನಿಸ್ದೆ. ನಾಕು ದಿನದಿಂದ ಮನ್ಯಾಗ ಬಾಯಿ ಬಿಟ್ಟು ಒಂದು ಸ್ವರ ಹಚ್ಚಿಲ್ಲ."

"ತಪ್ಪಾತ್ರಿ. ನಿಮಗ ಮಾಡಬೇಕಂತ ಮಾಡಲಿಲ್ಲ."

"ಅದನ್ನ ನಂಗ ಹೇಳಿ ಹಗುರಾಗಾಕ ಬಂದಿಯೇನು? ಎರಡು ಮದುವಿಯೋರು ಬ್ಯಾಡ ಅಂದಾರ. ನಡಿ ಸಂಡೂರಿಗೆ. ಅಲ್ಲೇ ಹೇಳು."

ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಅವಳು ಮುಂದೆ, ಅವನು ಕಟ್ಟಕಡೆಯ ಸೀಟಿನಲ್ಲಿ. ತೋಟಪ್ಪ ತನ್ನ ಲಾರಿ ನಿಲ್ಲುವ ಅಂಗಳದಲ್ಲಿದ್ದ. ವಿಷಯ ಕೇಳಿ ಬಸವಕುಮಾರನಿಗೆ ಟರ್ನ್‌ಟೇಬಲ್ ಸಮೇತ ಬಾ ಎಂದು ಫೋನು ಮಾಡಿದ. ಒಂದೂವರೆ ತಾಸು ಮೂವರೂ ಕಾದರು.

ಬಸವಕುಮಾರ್ ಬಂದವನು ತಟ್ಟೆ ತಿರುಗಿಸಿದ. ಗುಂಡಿ ಸೊನ್ನೆಯಲ್ಲಿತ್ತು, ಚುಕ್ಕಿಗಳು ಜಾರುತ್ತಿದ್ದವು. ಅಂಜಿನಿ ಬೆರಳು ಮಾಡಿ ತೋರಿಸಿದ. ಬಸವಕುಮಾರ್ ಅವನ ಕಪಾಳಕ್ಕೆ ಬಾರಿಸಿದ. ಅಂಜಿನಿ ಅವನ ಕೊರಳಪಟ್ಟಿ ಹಿಡಿದ. ಡ್ರೈವರುಗಳು ಬಿಡಿಸಬೇಕಾಯಿತು.

"ನಿಮ್ಮ ಜಗಳಕ್ಕ ನನ್ನ ಮಗಳ ಮದುವಿ ಸಿಕ್ಕಿತ್ತೇನ್ಲೇ?" ಎಂದು ತೋಟಪ್ಪ ಇಬ್ಬರಿಗೂ ಬಾಯಿಗೆ ಬಂದಂತೆ ಬೈದ. ಬಸವಕುಮಾರನಿಗೆ, "ಮುಂದ ಇಟ್ಕೊಂಡು ನೋಡ್ಲಿಲ್ಲ ನೀನು. ಆಕಿ ಮ್ಯಾಲೆ ಹಾಸ್ಯ ಬ್ಯಾರೆ," ಎಂದ.

ಗಾಯತ್ರಿ ಯಾರ ಬೈಗುಳಕ್ಕೂ ಕಾಯಲಿಲ್ಲ. ಫೋನು ಎತ್ತಿ ಅಂಜಿನಿಯ ಮುಖಕ್ಕೆ ಹಿಡಿದಳು. "ಹೇಳು. ಹೆಸರು ಹೇಳು, ಊರು ಹೇಳು, ಏನು ಮಾಡ್ದಿ ಹೇಳು." ಅವನು ಹೇಳಿದ. ಒಂದು ಕೆನ್ನೆ ಕೆಂಪಗಿತ್ತು. ಆ ವಿಡಿಯೊವನ್ನು ತೋಟಪ್ಪ, ಮದುವೆಯ ವಿಡಿಯೊ ಹೋಗಿದ್ದ ಮೊಬೈಲ್ ಗುಂಪುಗಳಿಗೆಲ್ಲ ಕಳಿಸಿದ. ಗಾಯತ್ರಿಯ ಕಡೆ ತಿರುಗಿ ತಪ್ಪಾಯಿತು ಎಂದು ಮಾತ್ರ ಬಸವಕುಮಾರನೂ ಹೇಳಲಿಲ್ಲ, ತೋಟಪ್ಪನೂ ಹೇಳಲಿಲ್ಲ.

ಬ್ಯಾಡ ಎಂದಿದ್ದವರಲ್ಲಿ ಒಬ್ಬರು ಗಾಯತ್ರಿಯನ್ನು ಮತ್ತೆ ಕರೆದರು, ಇನ್ನೊಬ್ಬರು ಕರೆಯಲಿಲ್ಲ. ಈಗ ಅವಳು ಯಾವ ಡಿಜೆಯೊಂದಿಗೂ ಹಾಡುವುದಿಲ್ಲ. ಹಾರ್ಮೋನಿಯಂ, ತಬಲಾದವರನ್ನು ಕರೆದುಕೊಂಡೇ ಹೋಗುತ್ತಾಳೆ. ಬಸವಕುಮಾರ್ ಹುಬ್ಬಳ್ಳಿಯಲ್ಲಿ ಸೊನ್ನೆಯನ್ನು ಸರಿಮಾಡಿಸಿಕೊಂಡ. ನುಣುಪಾಗಿ ಜಾರುವ ಆ ಗುಂಡಿಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಾನೆ, ಅದು ತನ್ನದೇ ಬುದ್ಧಿ ಎಂದು ಈಗಲೂ ಹೇಳುತ್ತಾನೆ. ಅಂಜಿನಿಯ ಕೋಣೆಗೆ ಡಿಜೆಗಳು ಬರುವುದು ನಿಂತು ವರ್ಷವಾಯಿತು. ಫ್ಯಾನು, ಮಿಕ್ಸಿ ಬರುತ್ತವೆ.

"ಬಸವಕುಮಾರನ ಮ್ಯಾಲಿನ ಸಿಟ್ಟು ಹೋತೇನು?" ಎಂದು ಹೇಮಾ ಒಮ್ಮೆ ಕೇಳಿದಳು.

"ಇಲ್ಲ," ಎಂದ. "ಯಾಕ ಹೋಗ್ಬೇಕು?"

ಕಳೆದ ತಿಂಗಳು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಗಾಯತ್ರಿ ಎದುರಾದಳು. ಅಂಜಿನಿ ನಿಂತು ಕೈ ಮುಗಿದ. ಅವಳು ಅವನನ್ನು ಪೂರ್ತಿ ನೋಡಿ, ಗುರುತು ಹಿಡಿದು, ಹೆಗಲ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಕಂಪ್ಲಿ ಬಸ್ಸು ಹತ್ತಿದಳು.