ಅಶೋಕ ಊರಲ್ಲಿಲ್ಲದ ಏಳು ತಿಂಗಳು

ಚಾರ್ಮಾಡಿಯ ಅಶೋಕ ಹದಿನಾರು ವರ್ಷ ದೋಹಾದ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿದವನು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅದೇ ಹೋಟೆಲಿನ ಹೊಲಿಗೆ ವಿಭಾಗದಲ್ಲಿ ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುತ್ತಿದ್ದವಳು ಫಿಲಿಪೀನ್ಸಿನ ರೋವೆನಾ. ನಾಲ್ಕು ವರ್ಷ ಪಕ್ಕಪಕ್ಕದ ಮೇಜಿನಲ್ಲಿ ಊಟ ಮಾಡಿದ ಮೇಲೆ ಇಬ್ಬರೂ ಕೆಲಸ ಬಿಟ್ಟು ಊರಿಗೆ ಬಂದರು. ಬೆಳ್ತಂಗಡಿಯ ಉಪನೋಂದಣಿ ಕಚೇರಿಯ ಗೋಡೆಯ ಮೇಲೆ ಅವರ ಹೆಸರಿನ ನೋಟಿಸು ಮೂವತ್ತು ದಿನ ತೂಗಿತು. ಯಾರೂ ತಕರಾರು ತೆಗೆಯಲಿಲ್ಲ. 2022ರ ಜನವರಿಯಲ್ಲಿ ಮದುವೆ ನೋಂದಣಿಯಾಯಿತು.

ಭಾರತೀಯನನ್ನು ಮದುವೆಯಾದ ವಿದೇಶಿ ಹೆಂಗಸಿಗೆ ಓಸಿಐ ಕಾರ್ಡ್ ಸಿಗುತ್ತದೆ. ಅದೊಂದು ಕೈಗೆ ಬಂದರೆ ಜೀವಮಾನವಿಡೀ ಇಲ್ಲೇ ಇರಬಹುದು, ವೀಸಾ ಅವಧಿ ವಿಸ್ತರಿಸಲು ಮತ್ತೆ ಮತ್ತೆ ಅಲೆಯಬೇಕಿಲ್ಲ. ಆದರೆ ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಬೇಕು. ಆ ದಿನಕ್ಕಾಗಿ ಇಬ್ಬರೂ ಕಾದರು. ರೋವೆನಾ ತುಳು ಕಲಿತಳು, ರಬ್ಬರ್ ಹಾಲು ಹೆಪ್ಪುಗಟ್ಟಿಸಿ ಶೀಟ್ ಮಾಡಲು ಕಲಿತಳು.

ನಡುವೆ ಒಂದು ಅಡಚಣೆ ಬಂತು. ದೋಹಾದ ಹಳೆಯ ಮ್ಯಾನೇಜರ್ ಫೋನು ಮಾಡಿ, ಹೊಸ ಯಂತ್ರಗಳು ಬಂದಿವೆ, ಏಳು ತಿಂಗಳ ಮಟ್ಟಿಗೆ ಬಂದು ಕೆಲಸದವರಿಗೆ ಕಲಿಸಿಕೊಡು ಎಂದು ಕೇಳಿಕೊಂಡ. ಹದಿನಾರು ವರ್ಷ ಅನ್ನ ಕೊಟ್ಟ ಜಾಗ, ಇಲ್ಲವೆನ್ನಲಾಗಲಿಲ್ಲ. ಮದುವೆಯಾದ ವರ್ಷವೇ ಅಕ್ಟೋಬರದಲ್ಲಿ ಹೋದವನು ಮರುವರ್ಷ ಮೇ ತಿಂಗಳಲ್ಲಿ ಮರಳಿದ. ಅಷ್ಟು ದಿನವೂ ರೋವೆನಾ ಮನೆಯಲ್ಲಿ ಒಬ್ಬಳೇ ಇದ್ದಳು ಎಂದೇ ಅವನು ತಿಳಿದಿದ್ದ.

ಎರಡು ವರ್ಷ ತುಂಬಿದ ಕೂಡಲೇ ಅರ್ಜಿ ಹಾಕಿದರು. ಗಂಡ ಹೆಂಡತಿ ನಿಜವಾಗಿಯೂ ಒಟ್ಟಿಗೆ ಬಾಳುತ್ತಿದ್ದಾರೆಯೇ ಎಂದು ನೋಡಲು ಪೊಲೀಸರು ಬರುವುದು ವಾಡಿಕೆ. ಫೆಬ್ರವರಿಯ ಒಂದು ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ತರುಣ್ ಫೈಲು ಹಿಡಿದು ಬಂದ. ದಾರಿಯಲ್ಲೇ ಇಬ್ಬರಿಂದ ಹೇಳಿಕೆ ಬರೆಸಿಕೊಂಡಿದ್ದ. ಒಬ್ಬರು ಪಕ್ಕದ ಮನೆಯ ನೀಲಾವತಿ, ಇನ್ನೊಬ್ಬರು ಬಸ್‌ ನಿಲ್ಲುವಲ್ಲಿ ಹೋಟೆಲು ಇಟ್ಟಿರುವ ಮೊಯಿದಿನಬ್ಬ. ಎರಡರಲ್ಲೂ ಒಂದೇ ಮಾತಿತ್ತು: ಮದುವೆಯಾದಂದಿನಿಂದ ಇವತ್ತಿನವರೆಗೆ ಅಶೋಕ ಒಂದು ದಿನವೂ ಊರು ಬಿಟ್ಟದ್ದಿಲ್ಲ.

ತರುಣ್ ಅಶೋಕನ ಪಾಸ್‌ಪೋರ್ಟಿನ ಪುಟ ತಿರುಗಿಸಿ, ವಿಮಾನ ನಿಲ್ದಾಣದ ಮುದ್ರೆಯ ಮೇಲೆ ಬೆರಳಿಟ್ಟ. "ಇದರ ಪ್ರಕಾರ ನೀವು ಏಳು ತಿಂಗಳು ಇಲ್ಲಿ ಇರಲಿಲ್ಲ. ಅವರು ನಿಮ್ಮ ಮೇಲಿನ ಪ್ರೀತಿಗೆ ಹೇಳಿದ್ದಾಗಿರಬಹುದು. ಆದರೆ ಫೈಲಿಗೆ ಇದು ಹೊಂದುವುದಿಲ್ಲ. ಸರಿ ಮಾಡಿಸಿ ಕೊಡಿ," ಎಂದು ಹೇಳಿ ಹೋದ.

ಅಶೋಕ ನೀಲಾವತಿಯ ಅಂಗಳಕ್ಕೆ ಹೋದ. ಆಕೆ ಹುಲ್ಲಿನ ಕಟ್ಟು ಬಿಚ್ಚುತ್ತಿದ್ದಳು. ನನಗಾಗಿ ಹೀಗೆಲ್ಲ ಸುಳ್ಳು ಬರೆದುಕೊಡಬಾರದಿತ್ತು ಎಂದು ಅವನು ಮೆಲ್ಲಗೆ ಹೇಳಿದ್ದೇ ತಡ, ಆಕೆಯ ಮುಖ ಬಿಗಿಯಿತು.

"ಸುಳ್ಳು ಹೇಳುವವಳಾ ನಾನು? ಆಚೆ ವರ್ಷ ಡಿಸೆಂಬರದಲ್ಲಿ ನನ್ನ ದನ ತೋಟದ ನೀರು ಹೋಗುವ ಕಣಿಗೆ ಬಿದ್ದಾಗ ಹಗ್ಗ ಹಿಡಿದು ಎಳೆದವ ಯಾರು? ನೀನೇ ಅಲ್ವಾ? ಹನ್ನೊಂದು ಗಂಟೆಯ ಬಿಸಿಲು. ನಿನ್ನ ಕೈ ಮಾತ್ರ ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಹುಷಾರಿಲ್ವಾ ಅಂತ ಕೇಳಿದೆ, ನೀನು ಮಾತಾಡ್ಲಿಲ್ಲ."

ಆ ಡಿಸೆಂಬರದಲ್ಲಿ ಅಶೋಕ ದೋಹಾದಲ್ಲಿ ವಿಶ್ವಕಪ್ಪಿಗೆ ಬಂದವರ ಹಾಸಿಗೆ ಬಟ್ಟೆ ಒಗೆಸುತ್ತಿದ್ದ. ಅವನು ಇಳಿದು ಬಸ್ಸಿನ ನಿಲ್ದಾಣಕ್ಕೆ ಬಂದ. ಮೊಯಿದಿನಬ್ಬನ ಮಾತೂ ಹಾಗೆಯೇ ಇತ್ತು. ಆ ತಿಂಗಳುಗಳಲ್ಲಿ ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಿ, ಎರಡು ಬನ್ಸ್ ಕಟ್ಟಿ ಕೊಟ್ಟರೆ ತೆಗೆದುಕೊಂಡು ಹೋಗುತ್ತಿದ್ದಿ, ಗಲ್ಫಿನಲ್ಲಿದ್ದು ಮಾತೇ ಮರೆತಿದ್ದಾನೆ ಎಂದು ನಾವೆಲ್ಲ ನಗುತ್ತಿದ್ದೆವು ಎಂದ.

ಅಶೋಕ ನೇರ ಮನೆಗೆ ಬಂದ. ರೋವೆನಾ ರಬ್ಬರ್ ಶೀಟುಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಅವನು ಕೇಳಿದ್ದನ್ನೆಲ್ಲ ಹೇಳಿದ. ಅವಳಿಗೆ ಆಶ್ಚರ್ಯವಾಗಲಿಲ್ಲ. ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಳು.

ನೀನು ಹೋದ ಎರಡನೆಯ ಶುಕ್ರವಾರ, ಎಂದು ಶುರುಮಾಡಿದಳು. ಫೋನಿನಲ್ಲಿ ವೀಡಿಯೊ ಹಾಕಿಕೊಂಡು ಇಬ್ಬರೂ ಮಾತಾಡುತ್ತಿದ್ದಾಗಲೇ ಥೇಟ್ ಅಶೋಕನಂತೆಯೇ ಇದ್ದ ಇನ್ನೊಬ್ಬ ಅಂಗಳ ದಾಟಿ ಬಂದು ಇದೇ ಮೆಟ್ಟಿಲಲ್ಲಿ ಕೂತನಂತೆ.

"ಫೋನಿನಲ್ಲಿ ನೀನು ನಗುತ್ತಿದ್ದಿ. ಇಲ್ಲಿ ನೀನು ಬೆನ್ನು ಹಾಕಿ ಕೂತಿದ್ದಿ. ನಾನು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ದರೆ ನೀನು ಹೆದರುತ್ತಿದ್ದಿ. ಆಮೇಲೆ ನನಗೂ ಒಂಟಿ ಅನ್ನಿಸಲಿಲ್ಲ."

ಆ ಇನ್ನೊಬ್ಬ ಒಳಗೆ ಬರುತ್ತಿರಲಿಲ್ಲವಂತೆ. ಬನ್ಸ್ ತಂದು ಮೆಟ್ಟಿಲಲ್ಲಿಡುವುದು, ಅವಳು ಕೆಲಸ ಮಾಡುವುದನ್ನು ನೋಡುತ್ತ ಕೂರುವುದು, ಮಧ್ಯಾಹ್ನವಾದರೆ ಎದ್ದು ಹೋಗುವುದು. ಮೇ ತಿಂಗಳಲ್ಲಿ ಅಶೋಕ ಕೂತಿದ್ದ ಆಟೋರಿಕ್ಷಾ ಮಣ್ಣುದಾರಿಯಲ್ಲಿ ಮೇಲೆ ಬರುತ್ತಿದ್ದಂತೆ ಆ ಇನ್ನೊಬ್ಬ ರಬ್ಬರ್ ಮರಗಳ ನಡುವೆ ಇಳಿದು ಹೋದನಂತೆ. ಮತ್ತೆ ಬರಲಿಲ್ಲ. ಅಶೋಕನಿಗೆ ಆ ದಿನ ನೆನಪಿತ್ತು. ಆಟೋದಿಂದ ಇಳಿದು ನಿಂತಾಗ ಅವಳು ತನ್ನ ಮುಖ ಬಿಟ್ಟು ಹೆಗಲಿನಾಚೆ ಎಲ್ಲೋ ನೋಡುತ್ತಿದ್ದಳು.

ಏನೇ ಆಗಲಿ, ಫೈಲಿಗೆ ನಿಜ ಬೇಕಿತ್ತು. ಏಳು ತಿಂಗಳು ತಾನು ದೇಶದಲ್ಲಿರಲಿಲ್ಲ ಎಂದು ಅಶೋಕ ಪ್ರಮಾಣಪತ್ರ ಮಾಡಿಸಿದ. ಮೊಯಿದಿನಬ್ಬ ತಲೆ ಕೆರೆದುಕೊಂಡು ಹೊಸ ಹೇಳಿಕೆಗೆ ಸಹಿ ಹಾಕಿದ. ನೀಲಾವತಿ ಒಪ್ಪಲಿಲ್ಲ. ರೋವೆನಾ ಎರಡು ವರ್ಷವೂ ಈ ಮನೆಯಲ್ಲೇ ಇದ್ದಳು ಎಂದಷ್ಟೇ ಬರೆದುಕೊಡ್ತೇನೆ, ಅಶೋಕ ಇರಲಿಲ್ಲ ಎಂದು ಮಾತ್ರ ಬರೆಯುವುದಿಲ್ಲ ಎಂದಳು. ತರುಣ್ ಅಷ್ಟನ್ನೇ ತೆಗೆದುಕೊಂಡ.

ಜೂನ್‌ನಲ್ಲಿ ಮಂಗಳೂರಿಗೆ ಕರೆ ಬಂತು. ಅಧಿಕಾರಿ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳಿದರು. ಅಶೋಕನದು ಹತ್ತು ನಿಮಿಷದಲ್ಲಿ ಮುಗಿಯಿತು. ರೋವೆನಾ ಅರ್ಧ ಗಂಟೆಯ ನಂತರ ಹೊರಗೆ ಬಂದಳು. ಊರಿಗೆ ಮರಳುವ ಬಸ್ಸು ಬಿ.ಸಿ.ರೋಡ್ ದಾಟಿತು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು.

"ಆ ಏಳು ತಿಂಗಳು ನಿನ್ನ ಜೊತೆ ಯಾರಿದ್ದರು ಅಂತ ಕೇಳಿದರು. ಯಾರೂ ಇರಲಿಲ್ಲ ಅಂದೆ. ಹಾಗೆ ಅನ್ನಬಾರದಿತ್ತು ಅನ್ನಿಸ್ತಾ ಉಂಟು."

ಅಶೋಕ ಕಿಟಕಿಯ ಕಡೆ ತಿರುಗಿದ. ಗಾಜಿನಲ್ಲಿ ಕಂಡ ತನ್ನ ಮುಖವನ್ನು ಬಹಳ ಹೊತ್ತು ನೋಡಲು ಅವನಿಂದಾಗಲಿಲ್ಲ.

ಅಕ್ಟೋಬರದಲ್ಲಿ ಕಾರ್ಡ್ ಬಂತು. ರೋವೆನಾ ಅಕ್ಕಪಕ್ಕದ ಮನೆಗಳಿಗೆಲ್ಲ ಪಾಯಸ ಹಂಚಿದಳು. ಅದೇ ವಾರ ದೋಹಾದಿಂದ ಮತ್ತೆ ಫೋನು ಬಂತು. ಈ ಸಲ ಒಂದು ವರ್ಷಕ್ಕೆ, ದೊಡ್ಡ ಹುದ್ದೆ. ಅವಳು ಬೇಡವೆನ್ನುತ್ತಾಳೆ ಎಂದುಕೊಂಡೇ ಅಶೋಕ ವಿಷಯ ತೆಗೆದ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ಹೋಗಿ ಬಾ. ನನಗೇನೂ ತೊಂದರೆ ಇಲ್ಲ," ಎಂದಳು.

ಅವಳು ಅದನ್ನು ಒಂದು ಗಳಿಗೆಯೂ ಯೋಚಿಸದೆ ಹೇಳಿದ್ದಳು. ಮರುದಿನವೇ ಅಶೋಕ ಮ್ಯಾನೇಜರನಿಗೆ ಬರುವುದಿಲ್ಲ ಎಂದು ತಿಳಿಸಿದ. ಈಗ ಉಜಿರೆಯಲ್ಲಿ ಕಾಲೇಜು ಮಕ್ಕಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಹೊಲಿಗೆ ಯಂತ್ರವೊಂದನ್ನು ಅಲ್ಲೇ ಹಾಕಿಸಿ ರೋವೆನಾಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಅವಳಿಗೆ ಹುಷಾರಿಲ್ಲದ ದಿನ ಅಂಗಡಿ ತೆರೆಯುವುದಿಲ್ಲ, ಮನೆಯ ಆ ಮೆಟ್ಟಿಲನ್ನು ಖಾಲಿ ಬಿಡುವುದಿಲ್ಲ.