ಎಡಗಡೆಯ ಪೆಡಲ್

ಗೆಳೆಯರೇ, ಆನ್‌ಲೈನಿನಲ್ಲಿ ತರಿಸಿದ ನನ್ನ ಸೈಕಲ್ಲನ್ನು ನಾನೇ ಜೋಡಿಸಬೇಕೆಂದು ಇವತ್ತು ಬೆಳಿಗ್ಗೆ ಸವಣೂರಿನ ನಮ್ಮ ಮನೆಯ ಮುಂದೆ ಕುಳಿತಿದ್ದೆ. ಮುಂದಿನ ಗಾಲಿ, ಹ್ಯಾಂಡಲ್ಲು, ಬಲಗಡೆಯ ಪೆಡಲ್ ಎಲ್ಲ ಕೂಡಿಸಿದ್ದಾಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ರಫೀಕ್ ಮಾಮಾ ಬಂದು ನನ್ನ ಕೈಯಿಂದ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡರು.

"ಬಿಡವಾ ತಂಗಿ, ಇದು ಹೆಣ್ಮಕ್ಕಳ ಕೆಲಸಲ್ಲ."

ಎದುರು ಮನೆಯ ಬಸಣ್ಣ ಕಾಕಾ ಸೈಕಲ್ ಹಿಡಿದು ನಿಂತರು. ಮಾಮಾ ಎಷ್ಟು ಬಲಕ್ಕೆ ತಿರುಗಿಸಿದರೂ ಎಡಗಡೆಯ ಪೆಡಲ್ ಒಳಗೆ ಹೋಗಲಿಲ್ಲ.

"ಜೋರ್ ಹಾಕೋ ರಫೀಕ, ಆನ್‌ಲೈನ್ ಮಾಲು ಹಿಂಗ," ಎಂದರು ಕಾಕಾ.

"ಮಾಮಾ, ಎಡಗಡೆದು ಉಲ್ಟಾ ತಿರುಗಸಬೇಕ್ರಿ. ಇನ್ನ ಜೋರ್ ಹಾಕಿದ್ರ ಥ್ರೆಡ್ ಹಾಳಾಗ್ತದ, ನಾಳೆ ನಾ ಕಾಲೇಜಿಗೆ ನಡಕೋತನ ಹೋಗಬೇಕಾಗ್ತದ."

"ಇದನ್ನ ನಿಮ್ಮ ಸಭಾದ ಯಾವ ಭಾಷಣದಾಗ ಕೇಳಿದಿ?" ಎಂದರು ಮಾಮಾ.

"ಪೆಡಲ್ ಕೊಡ್ರಿ ಮೊದಲ."

ಕೊಡಲಿಲ್ಲ, ಕಿತ್ತುಕೊಂಡೆ. ಬೆರಳಿನಿಂದಲೇ ಉಲ್ಟಾ ತಿರುಗಿಸಿದೆ. ಸರಾಗವಾಗಿ ಹೋಯಿತು.

ಮಾಮಾ ಬಗ್ಗಿ ನೋಡಿದರು. "ನಾವು ದಾರಿ ಮಾಡಿಟ್ಟಿದ್ವಿ, ಅದಕ್ಕ ಸಲೀಸ್ ಹೋತು."

ಆ ಸೈಕಲ್ ತಾವೇ ಜೋಡಿಸಿದ್ದೆಂದು ಇಬ್ಬರೂ ಈಗ ಚಹಾದಂಗಡಿಯಲ್ಲಿ ಹೇಳುತ್ತಿದ್ದಾರಂತೆ. ಇತಿಹಾಸ ಬರೆಯುವವರು ಯಾರು ಎಂದು ನಾವು ಸಭೆ ಕರೆದು ಚರ್ಚಿಸುತ್ತೇವೆ. ನಮ್ಮ ಓಣಿಯಲ್ಲಿ ಆ ಕೆಲಸ ಚಹಾ ಆರುವುದರೊಳಗೆ ಮುಗಿಯುತ್ತದೆ.